ಕಿಟಕಿ ಕಟ್ಟೆಯ ಮೇಲಿನ ಲೋಟ

ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಫೋನು ಒಂದು ಸಲ ‘ಟಿಣ್’ ಎಂದಿತು. ದಿಂಬಿನ ಕೆಳಗಿದ್ದದ್ದರಿಂದ ಸದ್ದು ಅರ್ಧಕ್ಕರ್ಧ ಹತ್ತಿಯೊಳಗೇ ಉಳಿಯಿತು. ಅವಳು ಕಣ್ಣು ತೆರೆಯಲಿಲ್ಲ. ಆಗ ಅವಳು ಮಂಚದ ಪಕ್ಕದ ಗೋಡೆಗೆ ಮುಖ ಮಾಡಿ ನಿಂತು, ಕಣ್ಣು ಮುಚ್ಚಿಕೊಂಡು, ಅಲ್ಲಿಲ್ಲದ ಒಂದು ಚಿತ್ರವನ್ನು ಅಲ್ಲಿಲ್ಲದ ಮೂವರಿಗೆ ವಿವರಿಸುತ್ತಿದ್ದಳು.

“ಚಿತ್ರದ ಅಗಲ ನಾನು ಎರಡೂ ಕೈ ಚಾಚಿದಷ್ಟು. ಎತ್ತರ ಹೆಗಲಿನಿಂದ ಮೊಣಕಾಲಿನವರೆಗೆ. ಗಡಿಯಾರದ ಲೆಕ್ಕದಲ್ಲಿ, ಆರು ಗಂಟೆಯ ಜಾಗದಲ್ಲಿ ಒಂದು ಹೊಲಿಗೆ ಮಷಿನ್. ಅದರ ಮೇಲೆ ತಲೆಯಿಟ್ಟು ಒಬ್ಬ ದರ್ಜಿ ನಿದ್ದೆ ಹೋಗಿದ್ದಾನೆ. ಸೂಜಿಯ ಕೆಳಗಿನಿಂದ ನೀಲಿ ಬಟ್ಟೆಯೊಂದು ಜಾರಿ ನೆಲದವರೆಗೆ ಇಳಿದಿದೆ. ಎರಡು ಗಂಟೆಯ ಜಾಗದಲ್ಲಿ ಕಿಟಕಿ…”

‘ಟಿಣ್’ ಎಂದದ್ದು ಭಾವನ ಜೋಕು ಎಂದುಕೊಂಡಳು. ಪಕ್ಕದ ಕೋಣೆಯಲ್ಲಿ ಮಲಗಿಕೊಂಡು ಇಂಥ ಹೊತ್ತಿಗೆ ಮನೆಮಂದಿಗೆಲ್ಲ ಹಳಸಿದ ಜೋಕು ರವಾನಿಸುವುದು ಭಾವನ ದಿನದ ಕೊನೆಯ ಕೆಲಸ. ಅಲ್ಲದೆ ಆ ಸಂಜೆ ಅವಳಿಗೆ ಭಾವನ ಮೇಲೆ ಕೋಪವಿತ್ತು. ಊಟಕ್ಕೆ ಕೂತಾಗ ಅವನು, “ಅಲ್ಲಮ್ಮಾ, ನಂದೊಂದು ಡೌಟು. ಅವರಿಗೆ ಕಣ್ಣೇ ಕಾಣಲ್ಲ ಅಂದ ಮೇಲೆ ಚಿತ್ರ ಯಾಕೆ? ಬರೀ ಗೋಡೆ ಮುಂದೆ ನಿಲ್ಲಿಸಿ ಬಾಯಿಗೆ ಬಂದಿದ್ದು ಹೇಳಿದ್ರೂ ನಡೆಯುತ್ತಲ್ವಾ?” ಎಂದು ತನ್ನ ಮಾತಿಗೆ ತಾನೇ ನಕ್ಕಿದ್ದ. ಅವಳು ತಟ್ಟೆ ಬಿಟ್ಟು ಎದ್ದಿದ್ದಳು. “ನೀವು ಮನುಷ್ಯರಾ ಭಾವ?” ಎಂದು ಕೇಳಿದ್ದಳು. ಅಕ್ಕ ಗಂಡನಿಗೆ ಕಣ್ಣು ಬಿಟ್ಟು, ತಂಗಿಯ ಕೈ ಹಿಡಿದು ಕೂರಿಸಿ, “ಅವರ ಬಾಯಿಗೆ ಬೀಗ ಇಲ್ಲ ಕಣೇ, ನೀನು ಉಣ್ಣು” ಎಂದಿದ್ದಳು.

ಹೀಗಾಗಿ ಫೋನು ದಿಂಬಿನ ಕೆಳಗೇ ಉಳಿಯಿತು.

ಮರುದಿನದ ಪರೀಕ್ಷೆ ಅವಳ ಪಾಲಿಗೆ ಹುಡುಗಾಟದ್ದಾಗಿರಲಿಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ, ನೀರು ಸರಬರಾಜು ಕಚೇರಿಯ ಗಟ್ಟಿ ಕೆಲಸ ಬಿಟ್ಟು, ಕಲಾ ಶಿಕ್ಷಕಿಯಾಗುತ್ತೇನೆಂದು ಎರಡು ವರ್ಷದ ಕೋರ್ಸಿಗೆ ಸೇರಿದವಳು ಅವಳು. ಓದಿನ ಜೊತೆ ಎರಡು ಪ್ರಾಯೋಗಿಕ ಪರೀಕ್ಷೆ: ಒಂದು ಶಾಲೆಯಲ್ಲಿ, ಇನ್ನೊಂದು ಮ್ಯೂಸಿಯಮ್ಮಿನಲ್ಲಿ, ಊರಿನ ಯಾವುದಾದರೂ ಒಂದು ಗುಂಪಿನ ಜೊತೆ. ಶಾಲೆಯದ್ದರಲ್ಲಿ ಅವಳು ಫೇಲಾಗಿದ್ದಳು. ಒಂದು ಮಗು ಕುದುರೆಗೆ ಐದು ಕಾಲು ಬರೆದಿತ್ತು. ಪರೀಕ್ಷಕರು ಬರುವ ಮೊದಲು ಇವಳು ಸದ್ದಿಲ್ಲದೆ ಐದನೆಯದನ್ನು ಅಳಿಸಿಬಿಟ್ಟಿದ್ದಳು. ಮಗು ಎಲ್ಲರೆದುರು ಅಳುತ್ತಾ, “ಅದು ಓಡ್ತಿತ್ತು, ಅದಕ್ಕೇ ಐದು” ಎಂದಿತು. ಅಂದಿನಿಂದ ತರಗತಿಯಲ್ಲಿ ಅವಳ ಹೆಸರು ‘ರಬ್ಬರ್’. ಎದುರಿಗೆ ಕರೆಯುವವರು ಕಡಿಮೆ. ಆದರೆ ಬೆನ್ನ ಹಿಂದೆ ಕರೆದದ್ದು ಅವಳ ಕಿವಿಗೆ ಬೀಳದೇ ಇರುತ್ತಿರಲಿಲ್ಲ, ಅವಳ ಕಿವಿ ಅಂಥದ್ದು. ಎರಡು ಸಲ ಬಿದ್ದವರನ್ನು ಕೋರ್ಸಿನಿಂದ ಕಳಿಸುತ್ತಾರೆ. ಇನ್ನೊಂದು ಸಲ ಬಿದ್ದರೆ ಮನೆಗೆ. ಮನೆ ಎಂದರೂ ಅದು ಅಕ್ಕನ ಮನೆ.

ಈ ಎರಡನೆಯ ಪರೀಕ್ಷೆಗೆ ಅವಳಿಗೆ ಸಿಕ್ಕಿದ್ದು ಕಣ್ಣು ಕಾಣದವರ ಸಂಘದ ಮೂವರು. ಐದು ಶನಿವಾರ ಅವರನ್ನು ಕರೆದುಕೊಂಡು ಬಂದು ಚಿತ್ರಗಳನ್ನು ಮಾತಿನಲ್ಲಿ ತೋರಿಸಿದ್ದಳು. ಆರನೆಯದು ಪರೀಕ್ಷೆ. ಅದರ ಕ್ರಮವೇ ಬೇರೆ. ಪ್ರೊಫೆಸರ್ ಮೇಡಂ ಗ್ಯಾಲರಿಗೆ ಬರುವುದಿಲ್ಲ. ಕೆಳಗಿನ ಕೋಣೆಯಲ್ಲಿ ಮೂರು ಚಿತ್ರಗಳ ಅಚ್ಚುಪ್ರತಿ ಇಟ್ಟುಕೊಂಡು ಕೂತಿರುತ್ತಾರೆ. ತಮಗೆ ಹೊಸದಾದ ಆ ಚಿತ್ರಗಳನ್ನು ಮೇಲೆ ‘ನೋಡಿ’ ಬಂದವರು ಒಬ್ಬೊಬ್ಬರಾಗಿ ಬಂದು, ಒಬ್ಬರು ಒಂದು ಚಿತ್ರದಂತೆ, ತಾವು ಕಂಡದ್ದನ್ನು ಹೇಳಬೇಕು. ಹೇಳಿದ್ದು ಅಚ್ಚುಪ್ರತಿಗೆ ಎಷ್ಟು ಹೊಂದುತ್ತದೋ ಅದರ ಮೇಲೆ ಅಂಕ. ಕಣ್ಣು ಕಾಣದವರೇ ಪರೀಕ್ಷಕರಾಗಬೇಕು ಎಂದು ಮೇಡಂ ಮ್ಯೂಸಿಯಂನವರ ಜೊತೆ ನಾಲ್ಕು ವರ್ಷ ಜಗಳವಾಡಿದ್ದರು. ತರಗತಿಯಲ್ಲಿ ಅವರದ್ದು ಒಂದೇ ಪಾಠ: “ಕಾಣುವುದನ್ನು ಹೇಳಿ. ಕಾಣದ್ದನ್ನು ಹೇಳಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ನಿಮ್ಮ ಮಾತು ಬಿಟ್ಟರೆ ಅವರ ಹತ್ತಿರ ಬೇರೆ ಏನೂ ಇಲ್ಲ.” ಅದನ್ನು ಅವಳು ಪುಸ್ತಕದ ಮೊದಲ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

*

ಬೆಳಿಗ್ಗೆ ಮ್ಯೂಸಿಯಮ್ಮಿನ ಗೇಟಿನಲ್ಲಿ ಮೂವರೂ ಅವಳಿಗಿಂತ ಮೊದಲೇ ಬಂದು ನಿಂತಿದ್ದರು. ಒಬ್ಬರು ಎಪ್ಪತ್ತು ದಾಟಿದ ಮುದುಕರು, ಒಂದು ಕಾಲದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಎಲ್ಲರಿಗೂ ರೇಡಿಯೋ ಅಜ್ಜ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ ಎಂಬ ಕಾರಣಕ್ಕೂ. ಇನ್ನೊಬ್ಬಳು ಕಾನೂನು ಓದುತ್ತಿದ್ದ ಹುಡುಗಿ. ಪಾಟೀಸವಾಲು ಹಾಕುವ ಚಾಳಿಯಿಂದಾಗಿ ಓದು ಮುಗಿಯುವ ಮೊದಲೇ ‘ಲಾಯರ್’ ಆಗಿದ್ದಳು. ಮೂರನೆಯವರು ಟೈಲರಮ್ಮ. ಮೂವತ್ತು ವರ್ಷ ಬಟ್ಟೆ ಹೊಲಿದ ಹೆಂಗಸು. ಸಕ್ಕರೆ ಕಾಯಿಲೆ ಕಣ್ಣಿಗೇರಿ, ಐವತ್ತನೆಯ ವಯಸ್ಸಿಗೆ ಸೂಜಿಗೆ ದಾರ ಪೋಣಿಸಲಾರದೆ, ಐವತ್ತೆರಡಕ್ಕೆ ಬಾಗಿಲು ಯಾವ ಕಡೆ ಎಂದು ತಿಳಿಯದೆ ಕೂತವರು.

“ಟೀಚರಮ್ಮನ ಕೈ ತಣ್ಣಗಿದೆ,” ಎಂದರು ರೇಡಿಯೋ ಅಜ್ಜ ಅವಳ ಮೊಣಕೈ ಹಿಡಿಯುತ್ತಾ. “ಹೆದರಬೇಡಿ, ನಾವು ಲಂಚ ತಗೊಳ್ಳೋ ಪರೀಕ್ಷಕರು. ಒಂದು ಟೀ ಸಾಕು.”

“ಅಜ್ಜ, ಇದನ್ನ ನಾನು ಸಾಕ್ಷಿ ಅಂತ ಬರ್ಕೋತೀನಿ,” ಎಂದಳು ಲಾಯರ್.

“ಬರ್ಕೋ ತಾಯಿ. ಬರೆದಿದ್ದನ್ನ ನನಗೂ ಓದೋಕಾಗಲ್ಲ, ನಿನಗೂ ಓದೋಕಾಗಲ್ಲ. ಕೇಸು ವಜಾ.”

ನಗುತ್ತಲೇ ಮೆಟ್ಟಿಲು ಹತ್ತಿದರು. ಮೊದಲ ಚಿತ್ರ, ಮೀನು ತುಂಬಿದ ದೋಣಿ, ಸರಾಗವಾಗಿ ಹೋಯಿತು. ಎರಡನೆಯದು, ಕನ್ನಡಿಯ ಮುಂದೆ ನಿಂತ ಇಬ್ಬರು ಅಕ್ಕತಂಗಿಯರು, ಇನ್ನೂ ಚೆನ್ನಾಗಿ ಹೋಯಿತು. ಲಾಯರ್ ಕೇಳಿದ್ದಕ್ಕೆಲ್ಲ ಅವಳು ಚಿತ್ರದ ಕಡೆ ತಿರುಗಿ, ಹುಡುಕಿ, ಕಂಡದ್ದನ್ನು ಹೇಳಿದಳು. ಕನ್ನಡಿಯಲ್ಲಿ ಮೂರನೆಯ ಮುಖ ಇದೆಯೋ ಎಂಬುದಕ್ಕೆ, “ಗೊತ್ತಾಗ್ತಿಲ್ಲ, ಅಲ್ಲಿ ಕತ್ತಲಿದೆ” ಎಂದೂ ಹೇಳಿದಳು. ಹಾಗೆ ಹೇಳಿದಾಗ ತನ್ನ ಬಗ್ಗೆ ತನಗೇ ಸ್ವಲ್ಪ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಮೂವರನ್ನೂ ಕರೆದುಕೊಂಡು ಮೂಲೆಯ ಕೋಣೆಗೆ ಬಂದಳು.

ಬಂದು ನೋಡಿದರೆ ಗೋಡೆ ಖಾಲಿ.

ಚಿತ್ರ ಇದ್ದ ಜಾಗದಲ್ಲಿ ಸುಣ್ಣದ ಬಣ್ಣ ಉಳಿದ ಕಡೆಗಿಂತ ಬೆಳ್ಳಗೆ, ಚೌಕವಾಗಿ ಕಾಣುತ್ತಿತ್ತು. ಮೇಲೆ ಎರಡು ಕೊಕ್ಕೆ. ಮೂಲೆಯಲ್ಲಿ ನೀರು ಜಿನುಗಿದ ಕಲೆ. ಕೆಳಗೆ ಚಿತ್ರದ ಹೆಸರಿನ ಚೀಟಿ ಹಾಗೇ ಇತ್ತು. ಅದರ ಪಕ್ಕ ‘ತಾತ್ಕಾಲಿಕವಾಗಿ ತೆಗೆಯಲಾಗಿದೆ’ ಎಂಬ ಇನ್ನೊಂದು ಚೀಟಿ.

ಬಾಗಿಲ ಬಳಿ ಕುರ್ಚಿಯ ಮೇಲಿದ್ದ ಗಾರ್ಡ್ ಎದ್ದು ನಿಂತು, “ಮೇಡಂ, ಅದು ನಿನ್ನೆ…” ಎಂದು ಬಾಯಿ ತೆರೆದ.

ಅವಳು ತುಟಿಯ ಮೇಲೆ ಬೆರಳಿಟ್ಟಳು.

ಇಷ್ಟೇ ಆದದ್ದು. ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಎದ್ದಿತು, ಬೆರಳು ತಾನಾಗಿ ಹೋಗಿ ಕೂತಿತು. ಗಾರ್ಡ್ ಬಾಯಿ ಮುಚ್ಚಿಕೊಂಡ. ಅವನ ಕಣ್ಣು ಅವಳ ಬೆರಳಿನ ಮೇಲಿಂದ ಹಿಂದೆ ನಿಂತ ಮೂವರ ಮೇಲೆ ಹೋಗಿ, ಮತ್ತೆ ಅವಳ ಮುಖಕ್ಕೆ ಬಂತು. ಆ ಕೋಣೆಯಲ್ಲಿ ಆ ಬೆರಳನ್ನು ಕಾಣಬಲ್ಲವರು ಅವರಿಬ್ಬರೇ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

“ಯಾರದು?” ಎಂದರು ರೇಡಿಯೋ ಅಜ್ಜ.

“ಗಾರ್ಡ್, ಅಜ್ಜ. ನಾವು ಬಂದ್ವಿ ಅಂತ ಎದ್ದು ನಿಂತ್ರು.”

ಆ ಹೊತ್ತಿಗೂ ದಾರಿ ಮುಚ್ಚಿರಲಿಲ್ಲ. ‘ಚಿತ್ರ ಇಲ್ಲ, ತೆಗೆದಿದ್ದಾರೆ’ ಎಂದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಬೇರೆ ಚಿತ್ರವೂ ಇತ್ತು, ಹಣ್ಣಿನ ಬುಟ್ಟಿಯದ್ದು. ಆದರೆ ಅದನ್ನು ಅವಳು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ, ಅದರ ಅಚ್ಚುಪ್ರತಿ ಕೆಳಗೆ ಮೇಡಂ ಹತ್ತಿರ ಇರಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಗಬಹುದು, ಹೋಗದೆಯೂ ಇರಬಹುದು. ಯಾಕೆ ಮೊದಲೇ ವಿಚಾರಿಸಲಿಲ್ಲ ಎಂದು ಕೇಳಬಹುದು. ಎರಡು ಸಲ ಬಿದ್ದವರು, ಅಕ್ಕನ ಮನೆ, ಐದು ಕಾಲಿನ ಕುದುರೆ, ಎಲ್ಲ ಒಂದರ ಮೇಲೊಂದು ಬಿದ್ದುಕೊಂಡು ಬಂದವು. ದರ್ಜಿಯ ಚಿತ್ರ ಹೇಗೂ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿದರೂ ಹೇಳಬಲ್ಲಳು. ಹೇಳಿಯೂ ಇದ್ದಳು, ರಾತ್ರಿಯೆಲ್ಲ.

“ಚಿತ್ರದ ಅಗಲ ನಾನು ಎರಡೂ ಕೈ ಚಾಚಿದಷ್ಟು,” ಎಂದು ಶುರುಮಾಡಿದಳು.

ಚೀಲದಿಂದ ಅಕ್ಕನ ಹಳೆಯ ನೀಲಿ ಬಟ್ಟೆಯ ತುಂಡು ತೆಗೆದು ಟೈಲರಮ್ಮನ ಕೈಗೆ ಕೊಟ್ಟಳು. ಚಿತ್ರದ ಬಟ್ಟೆ ಸುಮಾರು ಹೀಗೆ ಬೀಳುತ್ತದೆ ಎಂದು ತೋರಿಸಲು ತಂದದ್ದು. ಟೈಲರಮ್ಮ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, “ತೊಳೆದೂ ತೊಳೆದೂ ತೆಳ್ಳಗಾಗಿದೆ. ಆದ್ರೂ ಒಳ್ಳೆ ಹತ್ತಿ,” ಎಂದರು. ಅವರ ಮುಖದಲ್ಲಿ ಬೆಳಕಿತ್ತು. ಐದು ವಾರದಿಂದ ಕೋಟೆ, ಮರ, ರಾಜರು ಎಂದು ಕೇಳಿ ಕೇಳಿ ಕಡೆಗೆ ತನ್ನ ಕಸುಬಿನವನೊಬ್ಬ ಗೋಡೆಯ ಮೇಲೆ ಸಿಕ್ಕಿದ್ದ.

“ಕಾಲಿನ ಮಷಿನ್ನೋ ಕೈ ಮಷಿನ್ನೋ?”

“ಕಾಲಿಂದು.”

“ಚಕ್ರ ಬಲಗಡೆ ತಾನೇ? ಅವನ ಕೈ ಎಲ್ಲಿದೆ?”

“ಚಕ್ರದ ಮೇಲೇ ಇದೆ. ನಿಲ್ಲಿಸಿದ ಹಾಗೆ.”

“ಹಾಗಾದ್ರೆ ನಿದ್ದೆ ತಾನಾಗಿ ಬಂದಿದ್ದು. ಮಲಗಬೇಕು ಅಂತ ಮಲಗಿದ್ದಲ್ಲ,” ಎಂದರು ಟೈಲರಮ್ಮ. “ದಾರ ಯಾವ ಬಣ್ಣ?”

ದಾರ. ದಾರ ಇತ್ತೇ? ಐದು ಶನಿವಾರ ಮೂವರನ್ನೂ ಕಳಿಸಿದ ಮೇಲೆ ಒಬ್ಬಳೇ ಬಂದು ನಿಂತು ಅವಳು ನೋಡಿದ್ದು ದರ್ಜಿಯ ಕೆನ್ನೆ, ಬಟ್ಟೆಯ ಮಡಿಕೆ. ದಾರವನ್ನು ಯಾರು ನೋಡುತ್ತಾರೆ?

“ಬಿಳಿ,” ಎಂದಳು.

“ನೀಲಿ ಬಟ್ಟೆಗೆ ಬಿಳಿ ದಾರ! ನಿದ್ದೆಗಣ್ಣಲ್ಲೇ ಪೋಣಿಸಿರಬೇಕು ಮಹಾರಾಯ.” ಮೂವರೂ ನಕ್ಕರು. ಅವಳೂ ನಕ್ಕಳು. ತನ್ನ ನಗು ತನ್ನ ಕಿವಿಗೇ ಬೇರೆ ಯಾರದ್ದೋ ಎನಿಸಿತು.

“ಕಿಟಕಿ ಅಂದ್ರಿ,” ಎಂದಳು ಲಾಯರ್. “ಕಿಟಕಿ ಕಟ್ಟೆ ಮೇಲೆ ಏನಾದ್ರೂ ಇದೆಯಾ, ಖಾಲಿನಾ?”

ಏನೋ ಇತ್ತು. ಗುಂಡಗಿನದು, ಮಿನುಗುವಂಥದ್ದು. ನಾಲಿಗೆಯ ತುದಿಯಲ್ಲಿದ್ದೂ ಬಾರದ ಹೆಸರಿನಂತೆ ಅದು ಕಣ್ಣಿನ ಅಂಚಿನಲ್ಲೇ ಜಾರಾಡಿತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಚಿತ್ರದ ಮುಂದೆ ನಿಂತವಳಿಗೆ ಕಟ್ಟೆಯ ಮೇಲೇನಿದೆ ಎಂದು ಗೊತ್ತಿಲ್ಲದಿರುವುದು ಹೇಗೆ?

“ಒಂದು ಗಾಜಿನ ಲೋಟ. ಅರ್ಧ ನೀರಿದೆ. ಕಿಟಕಿಯ ಬಿಸಿಲು ನೀರಿನೊಳಗೆ ಬಿದ್ದು, ಅಲ್ಲಿಂದ ಒಂದು ಸಣ್ಣ ಬೆಳಕಿನ ಚೂರು ದರ್ಜಿಯ ಕಿವಿಯ ಹಿಂದೆ ಬಂದು ಕೂತಿದೆ. ಅವನಿಗೆ ಅದು ಗೊತ್ತಿಲ್ಲ.”

“ಆಹಾ,” ಎಂದರು ರೇಡಿಯೋ ಅಜ್ಜ.

“ಎಷ್ಟು ಚೆನ್ನಾಗಿದೆ,” ಎಂದಳು ಲಾಯರ್, ಪ್ರಶ್ನೆಯನ್ನೇ ಮರೆತು.

ಆಮೇಲೆ ಎಷ್ಟೋ ಸಲ ಅವಳಿಗೆ ಹೆಚ್ಚು ಹೇಸಿಗೆ ತಂದದ್ದು ಇದೇ. ಅದು ಚೆನ್ನಾಗಿಯೇ ಇತ್ತು. ನಿಜ ಹೇಳುವಾಗ ತಡವರಿಸುವ ಅವಳ ನಾಲಿಗೆಗೆ ಆ ಸುಳ್ಳು ಬೆಣ್ಣೆಯ ಹಾಗೆ ಬಂದಿತ್ತು.

ಬಟ್ಟೆಯನ್ನು ಉಜ್ಜುತ್ತಿದ್ದ ಟೈಲರಮ್ಮನ ಬೆರಳು ಮಾತ್ರ ನಿಂತಿತು. ನಿಧಾನವಾಗಿ ಆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಅವಳ ಕಡೆ ಚಾಚಿದರು.

*

ಮೂವರನ್ನೂ ಕೆಳಗಿನ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿ ಅವಳು ನೀರು ಕುಡಿದು ಬರುತ್ತೇನೆಂದು ಹೋದಳು. ಬಚ್ಚಲ ಮನೆಯ ಕನ್ನಡಿಯ ಕಡೆ ನೋಡದೆ ಫೋನು ತೆರೆದಳು. ರಾತ್ರಿ ಹನ್ನೊಂದು ಮೂವತ್ತಾರಕ್ಕೆ ಬಂದ ಸಂದೇಶ ಅಲ್ಲಿತ್ತು. ಭಾವನದ್ದಲ್ಲ. ಮ್ಯೂಸಿಯಂ ಕಚೇರಿಯದ್ದು: ‘ತಡರಾತ್ರಿ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಗೋಡೆಯಲ್ಲಿ ನೀರು ಜಿನುಗುತ್ತಿದೆ. ಮೂಲೆ ಕೋಣೆಯ ದರ್ಜಿಯ ಚಿತ್ರವನ್ನು ಇಳಿಸಿದ್ದೇವೆ. ನಿಮ್ಮ ಪ್ರೊಫೆಸರರಿಗೆ ತಿಳಿಸಿದರೆ ಪರೀಕ್ಷೆಯನ್ನು ಮುಂದಿನ ಶನಿವಾರಕ್ಕೆ ಹಾಕಿಕೊಳ್ಳಬಹುದು. ನಮ್ಮ ಅಭ್ಯಂತರವಿಲ್ಲ.’

ಮುಂದಿನ ಶನಿವಾರ. ಅಷ್ಟು ಸುಲಭ. ನಲ್ಲಿ ತಿರುಗಿಸಿದಳು. ನೀರು ಕೈಮೇಲೆ ಬೀಳುತ್ತಲೇ ಇತ್ತು. ಯಾರೋ ಮೋಸ ಮಾಡಿದರು, ಯಾರೂ ಹೇಳಲಿಲ್ಲ ಎಂದು ಹೇಳಿಕೊಳ್ಳಲು ಇದ್ದ ಒಂದು ಎಳೆಯೂ ಹೋಯಿತು.

ವಾಪಸು ಬರುವಾಗ ಬೆಂಚಿನಿಂದ ರೇಡಿಯೋ ಅಜ್ಜನ ದನಿ ಕೇಳುತ್ತಿತ್ತು. “ಆ ಲೋಟ ಮರೀಬೇಡಿ ಟೈಲರಮ್ಮ. ಕಿವಿ ಹಿಂದೆ ಬೆಳಕು. ನಾನಾಗಿದ್ರೆ ಅಲ್ಲಿಂದಲೇ ಶುರು ಮಾಡ್ತಿದ್ದೆ.”

“ನಿಮಗೆ ದೋಣಿ ಬಂದಿದೆ, ನೀವು ಮೀನು ಎಣಿಸಿ ಅಜ್ಜ. ದರ್ಜಿನ ನಾನು ನೋಡ್ಕೋತೀನಿ.”

ದರ್ಜಿಯ ಚಿತ್ರ ನನಗೇ ಬೇಕು ಎಂದು ಟೈಲರಮ್ಮ ಹಟ ಹಿಡಿದು ತೆಗೆದುಕೊಂಡಿದ್ದರು. ಲೋಟ ಹೊರಗೆ ಬರುತ್ತದೆ. ಇನ್ನು ಐದು ನಿಮಿಷ.

ಪರೀಕ್ಷೆಯ ಕೋಣೆಯಲ್ಲಿ ವಿದ್ಯಾರ್ಥಿ ಮೂಲೆಯ ಕುರ್ಚಿಯಲ್ಲಿ ತುಟಿ ಬಿಚ್ಚದೆ ಕೂರಬೇಕು. ಅಜ್ಜ ಬಂದು ದೋಣಿ ಹೇಳಿದರು. ಲಾಯರ್ ಬಂದು ಅಕ್ಕತಂಗಿಯರನ್ನು ಹೇಳಿದಳು. ಮೇಡಂ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಗುರುತು ಹಾಕುತ್ತಾ ಹೋದರು. ಟೈಲರಮ್ಮ ಒಳಗೆ ಬಂದಾಗ ಮೇಡಂ ಮೂರನೆಯ ಅಚ್ಚುಪ್ರತಿಯನ್ನು ತೆಗೆದು ಮುಂದಿಟ್ಟರು. ಮೂಲೆಯಿಂದ ಕತ್ತು ಚಾಚದೆಯೂ ಅವಳಿಗೆ ಕಂಡಿತು. ಕಿಟಕಿಯ ಕಟ್ಟೆಯ ಮೇಲೆ ತಗಡಿನ ಒಂದು ಗುಂಡಿ ಡಬ್ಬಿ. ಮುಚ್ಚಳ ತೆರೆದಿತ್ತು. ಒಳಗೆ ಬಣ್ಣಬಣ್ಣದ ಗುಂಡಿಗಳು. ದಾರವೂ ಕಂಡಿತು. ಕಡುನೀಲಿ. ಭೂಮಿ ಬಾಯಿ ಬಿಡಬಾರದೇ ಎಂಬ ಮಾತನ್ನು ಅವಳು ಎಷ್ಟೋ ಸಲ ಆಡಿದ್ದಳು. ಈಗ ಕಾಲ ಕೆಳಗಿನ ನೆಲವನ್ನು ನಿಜವಾಗಿಯೂ ನೋಡಿದಳು.

ಟೈಲರಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು. ಅಗಲ ಹೇಳಿದರು, ಎತ್ತರ ಹೇಳಿದರು. ಮಷಿನ್, ಚಕ್ರದ ಮೇಲಿನ ಕೈ, ತಾನಾಗಿ ಬಂದ ನಿದ್ದೆ, ನೆಲದವರೆಗೆ ಇಳಿದ ನೀಲಿ ಬಟ್ಟೆ. ಒಂದೊಂದೂ ಅಳತೆ ತೆಗೆದ ಹಾಗೆ. ಎರಡು ಗಂಟೆಯ ಜಾಗದಲ್ಲಿ ಕಿಟಕಿ, ಎಂದು ನಿಲ್ಲಿಸಿದರು.

“ದಾರದ ಬಣ್ಣ ಏನಾದ್ರೂ?” ಎಂದರು ಮೇಡಂ.

“ನೆನಪಿಲ್ಲ ಮೇಡಂ.”

“ಕಿಟಕಿ ಹತ್ತಿರ? ಕಟ್ಟೆ ಮೇಲೆ ಏನಾದ್ರೂ ಇದೆ ಅಂದ್ರಾ ಅವರು?”

ಮೂಲೆಯಲ್ಲಿ ಅವಳು ಟೈಲರಮ್ಮನ ತುಟಿಯನ್ನೇ ನೋಡಿದಳು.

“ಹೇಳಿದ್ರು ಅನ್ಸುತ್ತೆ. ನನಗೇ ಮರೆತುಹೋಯ್ತು. ವಯಸ್ಸಾಯ್ತು ನೋಡಿ, ತಲೆ ನಿಲ್ಲಲ್ಲ.”

ಮೂವತ್ತು ವರ್ಷ ಊರವರ ಅಳತೆಗಳನ್ನು ಚೀಟಿ ಇಲ್ಲದೆ ತಲೆಯಲ್ಲಿಟ್ಟುಕೊಂಡಿದ್ದ ಹೆಂಗಸು ಹಾಗೆ ಹೇಳಿ ಸ್ವಲ್ಪ ನಕ್ಕರು. ಮೇಡಂ, “ಅಯ್ಯೋ, ಅದಕ್ಕೇನು,” ಎಂದು ಏನೋ ಬರೆದುಕೊಂಡರು.

ಕೊನೆಗೆ ಮೇಡಂ ಅವಳನ್ನು ಹತ್ತಿರ ಕರೆದರು. “ಪಾಸು ಮಾಡಿದ್ದೀನಿ. ಮೂರನೆಯದು ನನಗೆ ಬಹಳ ಇಷ್ಟ ಆಯ್ತು. ಒಂದು ಮಾತು ಹೆಚ್ಚಿಲ್ಲ, ಒಂದು ಅಲಂಕಾರ ಇಲ್ಲ. ಶಾಲೆಯಲ್ಲಿ ಆದದ್ದನ್ನು ಇನ್ನು ಮರೆತುಬಿಡು.”

ಅವಳು ತಲೆ ತಗ್ಗಿಸಿದಳು. ವಿನಯ ಎಂದುಕೊಂಡು ಮೇಡಂ ಬೆನ್ನು ತಟ್ಟಿದರು. ತಟ್ಟಿದ ಜಾಗ ಉರಿಯಿತು.

*

ಚೀಲ ತರಲು ಮೇಲೆ ಹೋದಾಗ ಗಾರ್ಡ್ ಕುರ್ಚಿಯಲ್ಲೇ ಇದ್ದ. ಈ ಸಲ ಎದ್ದು ನಿಲ್ಲಲಿಲ್ಲ.

“ಹದಿನೆಂಟು ವರ್ಷದಿಂದ ಈ ಕುರ್ಚಿ ಮೇಲೆ ಕೂತಿದ್ದೀನಿ ಮೇಡಂ. ಬರೀ ಗೋಡೆನ ಇಷ್ಟು ಚೆನ್ನಾಗಿ ತೋರಿಸಿದವರು ನೀವೇ ಮೊದಲು.”

ಅವಳು ಚೀಲ ಎತ್ತಿಕೊಂಡಳು. ಅವನು ಅತ್ತ ತಿರುಗಿ, “ಹೋಗಿ, ಹೋಗಿ. ನನ್ನ ಕೆಲಸ ಗೋಡೆ ಕಾಯೋದು, ಬಾಯಿ ಬಿಡೋದಲ್ಲ,” ಎಂದ.

ಹೊರಗೆ ಮೆಟ್ಟಿಲ ಮೇಲೆ ಟೈಲರಮ್ಮ ಒಬ್ಬರೇ ಕೂತಿದ್ದರು. ಉಳಿದಿಬ್ಬರು ಎದುರಿನ ಟೀ ಅಂಗಡಿಗೆ ಹೋಗಿದ್ದರು. ಅವಳ ಹೆಜ್ಜೆ ಕೇಳಿ ಪಕ್ಕದ ಕಲ್ಲನ್ನು ಕೈಯಿಂದ ತಟ್ಟಿದರು. ಅವಳು ಕೂತಳು.

“ಯಾವಾಗ ಗೊತ್ತಾಯ್ತು ಅಮ್ಮ?” ಎಂದು ಕೇಳಿದಳು. ಸುತ್ತಿಬಳಸಿ ಮಾತಾಡುವ ಶಕ್ತಿ ಉಳಿದಿರಲಿಲ್ಲ.

“ಮೊದಲೇ ಏನೋ ಸರಿ ಇಲ್ಲ ಅನ್ನಿಸ್ತು. ಬೇರೆ ಚಿತ್ರದ ಹತ್ರ ಏನಾದ್ರೂ ಕೇಳಿದ್ರೆ ನಿನ್ನ ಮಾತು ಗೋಡೆ ಕಡೆ ತಿರುಗುತ್ತೆ, ಸ್ವಲ್ಪ ತಡ ಆಗುತ್ತೆ, ಆಮೇಲೆ ವಾಪಸ್ ಬರುತ್ತೆ. ನೋಡಿ ಹೇಳೋರಿಗೆ ತಡ ಆಗುತ್ತೆ ಕಣೇ. ಇದಕ್ಕೆ ಮಾತ್ರ ನಮ್ಮ ಮುಖಕ್ಕೇ ಪಟಪಟ ಅಂತ ಹೇಳಿದೆ. ಆಮೇಲೆ ಆ ನೀರಿನ ಲೋಟ.” ಟೈಲರಮ್ಮ ಮೂಗಿನಲ್ಲೇ ನಕ್ಕರು. “ಯಾವ ದರ್ಜಿ ಬಟ್ಟೆ ಪಕ್ಕದಲ್ಲಿ ನೀರು ಇಡ್ತಾನೆ? ಗಿರಾಕಿ ಬಟ್ಟೆ ಮೇಲೆ ಚೆಲ್ಲಿದ್ರೆ? ಕಿಟಕಿಯಿಂದ ಗಾಳಿ ಬೇರೆ. ನಾನು ಮೂವತ್ತು ವರ್ಷ ಅಡುಗೆಮನೆಗೆ ಎದ್ದು ಹೋಗೇ ನೀರು ಕುಡಿದಿದ್ದು. ಚಿತ್ರ ಇರಲೇ ಇಲ್ಲ ಅಲ್ವಾ ಅಲ್ಲಿ?”

“ಇರಲಿಲ್ಲ. ರಾತ್ರಿ ತೆಗೆದಿದ್ರು.”

“ಹೂಂ.”

“ನಾನು ಈಗಲೇ ಹೋಗಿ ಮೇಡಂ ಹತ್ರ ಹೇಳ್ತೀನಿ. ನೀವು ನನಗೋಸ್ಕರ ಸುಳ್ಳು ಹೇಳಿದ್ರಿ, ನಂಗೆ ಮುಖ ಎತ್ತೋಕಾಗ್ತಿಲ್ಲ.”

“ನಿನಗೋಸ್ಕರ ಅಂತ ಯಾರು ಹೇಳಿದ್ದು?” ಟೈಲರಮ್ಮನ ದನಿ ಕತ್ತರಿಯ ಹಾಗೆ ಬಂತು. “ನನ್ನ ಸೊಸೆ ಕೆಟ್ಟವಳಲ್ಲ. ಕಿಟಕಿ ತೆಗಿಯೇ ಅಂದ್ರೆ ತೆಗೆದಿದ್ದೀನಿ ಅತ್ತೆ ಅಂತಾಳೆ. ಮುಚ್ಚೇ ಇರುತ್ತೆ. ಸೀರೆ ಒಗೆದಿದೆ ಅಂತಾಳೆ, ಒಗೆದಿರಲ್ಲ. ಕೆಲಸ ಉಳಿಯುತ್ತಲ್ಲ, ಅದಕ್ಕೆ. ಮನೇಲಿ ದಿನಾ ಇದೇ. ಶನಿವಾರ ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ಯಾಕೆ ಬರ್ತಿದ್ದೆ ಗೊತ್ತಾ? ಇವತ್ತು ಕನ್ನಡಿಯೊಳಗೆ ಏನಿದೆ ಅಂದಾಗ ನೀನು ಗೊತ್ತಾಗ್ತಿಲ್ಲ, ಕತ್ತಲಿದೆ ಅಂದೆಯಲ್ಲ, ಅಂಥ ಮಾತಿಗೆ.”

ಅವಳು ಅಳಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು ಎನಿಸಿತು.

“ಹೇಳ್ತೀಯಾ? ಹೇಳು,” ಎಂದರು ಟೈಲರಮ್ಮ. “ನಿನ್ನ ಬಾಯಿ ನಿಂದು. ಹೇಳಿದ್ರೆ ನಿನಗೆ ಹಗುರ ಆಗುತ್ತೆ. ಆದ್ರೆ ಆ ಕಥೆ ಅಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತಾನೂ ಯೋಚನೆ ಮಾಡು. ಕುರುಡರನ್ನ ಬರೀ ಗೋಡೆ ಮುಂದೆ ನಿಲ್ಲಿಸಿದ್ರಂತೆ, ಅವರು ಆಹಾ ಅಂದ್ರಂತೆ. ಇವರೇ ಪರೀಕ್ಷಕರಂತೆ! ನಮ್ಮನ್ನ ಬೇಡ ಅನ್ನೋಕೆ ಈ ಮ್ಯೂಸಿಯಂನವರಿಗೆ ಅಷ್ಟು ಸಾಕು. ಆ ಮುದುಕ ಲೋಟ ಲೋಟ ಅಂತ ಕುಣೀತಿದಾನೆ. ಅವನ ಮುಖದ ಮುಂದೆ ನಗೋರು ನನಗೆ ಕಾಣಲ್ಲ, ಆದ್ರೆ ಕೇಳಿಸುತ್ತೆ. ಅದಕ್ಕೇ ನಾನು ಮರೆತುಹೋಯ್ತು ಅಂದಿದ್ದು.”

ಎದುರಿನ ಅಂಗಡಿಯಿಂದ ಅಜ್ಜನ ಮಾತು, ಲಾಯರ್ ನಗು ಕೇಳುತ್ತಿತ್ತು. ಟೈಲರಮ್ಮ ಕೇಳಿದರು:

“ಕಟ್ಟೆ ಮೇಲೆ ನಿಜವಾಗಿ ಏನಿತ್ತು?”

“ಗುಂಡಿ ಡಬ್ಬಿ. ತಗಡಿಂದು.”

“ಮುಚ್ಚಳ?”

“ತೆರೆದಿತ್ತು. ದಾರ ಕಡುನೀಲಿ.”

“ಹಾಗೆ ಹೇಳು,” ಎಂದರು ಟೈಲರಮ್ಮ, ಮೆಲ್ಲಗೆ, ಅವಳಿಗಲ್ಲ ಎಂಬಂತೆ. “ಗುಂಡಿ ಹಾಕೋದು ಬಾಕಿ ಇತ್ತು ಅವನಿಗೆ.” ಕೋಲು ಊರಿ ಎದ್ದರು. ಅವಳು ಮೊಣಕೈ ಚಾಚಿದಳು. ಟೈಲರಮ್ಮ ಅದನ್ನು ಹಿಡಿಯದೆ ಮೆಟ್ಟಿಲ ಕಂಬಿ ಹಿಡಿದು ಇಳಿದರು. ಕೊನೆಯ ಮೆಟ್ಟಿಲಲ್ಲಿ ತಿರುಗದೆಯೇ ಅಂದರು: “ಅವರಿಬ್ಬರೂ ಲೋಟನ ಮನೆಗೆ ತಗೊಂಡು ಹೋಗ್ತಾರೆ. ಅದರ ಭಾರ ನಿಂದು.”

*

“ಏನಮ್ಮಾ, ಪಾಸಂತೆ!” ಎಂದ ಭಾವ, ರಾತ್ರಿ ಊಟಕ್ಕೆ ಕೂರುತ್ತಾ. “ಚಿತ್ರ ತೋರಿಸಿದ್ಯೋ, ಗೋಡೆ ತೋರಿಸಿದ್ಯೋ?”

ಬಡಿಸುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಇನ್ನೇನು ತಂಗಿ ತಟ್ಟೆ ಬಿಟ್ಟು ಏಳುತ್ತಾಳೆ ಎಂದು ಅಕ್ಕ ಕಾದಳು. ಭಾವನೂ ಬೈಸಿಕೊಳ್ಳಲು ಅರ್ಧ ನಗು ಇಟ್ಟುಕೊಂಡು ಕಾದ.

ಅವಳು ಭಾವನ ಮುಖ ನೋಡಿದಳು. ಕೆಟ್ಟವನಲ್ಲ. ಹೇಳಿದರೆ ಕೆಮ್ಮು ಬರುವವರೆಗೆ ನಗುತ್ತಾನೆ. ಸೋಮವಾರ ಕಚೇರಿಯಲ್ಲಿ ಹೇಳುತ್ತಾನೆ, ಹೇಳುವಾಗ ಅಜ್ಜನ ದನಿ ಅನುಕರಿಸುತ್ತಾನೆ. ಕೇಳಿದವರು ಇನ್ನೊಂದು ಕಡೆ ಹೇಳುತ್ತಾರೆ. ಎಂದೋ ಒಂದು ದಿನ ಯಾರೋ ಅದನ್ನು ಲಾಯರ್ ಕೂತಿರುವ ಮೇಜಿನಲ್ಲೇ ಹೇಳುತ್ತಾರೆ. ಆ ಹುಡುಗಿ ಎಲ್ಲರ ಜೊತೆ ನಗಲು ಹೊರಟು ಅರ್ಧದಲ್ಲಿ ನಿಲ್ಲಿಸುತ್ತಾಳೆ.

“ಉಣ್ಣಿ ಭಾವ, ತಣ್ಣಗಾಗುತ್ತೆ,” ಎಂದಳು.

ಭಾವನಿಗೆ ನಿರಾಸೆಯಾಯಿತು.

ಪಾತ್ರೆ ತೊಳೆಯುವಾಗ ಅಕ್ಕ ಪಕ್ಕಕ್ಕೆ ಬಂದು, ನಲ್ಲಿ ನಿಲ್ಲಿಸಿ, ಗಂಡನಿಗೆ ಕೇಳದಂತೆ, “ಏನೋ ಆಗಿದೆ. ಪಾಸಾದವಳ ಮುಖ ಅಲ್ಲ ಇದು. ನನ್ನ ಹತ್ರಾನೂ ಹೇಳಲ್ವೇನೇ?” ಎಂದಳು.

ಚಿಕ್ಕಂದಿನಿಂದ ಅಕ್ಕನಿಗೆ ಹೇಳದೆ ಉಳಿದದ್ದು ಯಾವುದೂ ಇರಲಿಲ್ಲ. ಹೇಳಿದರೆ ಅಕ್ಕ ಬೈಯುತ್ತಾಳೆ, ಆಮೇಲೆ ತಲೆ ಸವರುತ್ತಾಳೆ, ‘ಹೋಗಲಿ ಬಿಡು, ಯಾರಿಗೆ ಏನು ನಷ್ಟ ಆಯ್ತು’ ಎನ್ನುತ್ತಾಳೆ. ಆ ಒಂದು ಮಾತಿಗಾಗಿ ಅವಳ ಮೈಯೆಲ್ಲ ಹಾತೊರೆಯಿತು. ಹಾತೊರೆದದ್ದಕ್ಕೇ ಅದು ತನಗೆ ಸಲ್ಲದ್ದು ಎಂದು ತಿಳಿಯಿತು.

ಹೇಳದಿರಲು ಕಾರಣ ಒಳ್ಳೆಯದೇ ಇತ್ತು. ಅಜ್ಜನ ಮುಖದ ಮುಂದೆ ಯಾರೂ ನಗಬಾರದು. ಆದರೆ ಆ ಕಾರಣ ಅವಳ ಪಾಸಿಗೂ ಎಷ್ಟು ಅನುಕೂಲವಾಗಿ ಹೊಂದಿಕೊಂಡಿತ್ತು! ಅಳತೆ ಕೊಟ್ಟು ಹೊಲಿಸಿದ ಹಾಗೆ. ಎರಡರಲ್ಲಿ ಯಾವುದಕ್ಕಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡಳು. ಈ ಸಲ ಉತ್ತರ ಪಟಕ್ಕನೆ ಬರಲಿಲ್ಲ. ಅಲ್ಲಿ ಕತ್ತಲಿತ್ತು.

“ಏನಿಲ್ಲಕ್ಕಾ. ಸುಸ್ತು,” ಎಂದು ನಲ್ಲಿ ತಿರುಗಿಸಿದಳು. ಮೊದಲು ಸಿಕ್ಕಿದ್ದು ಗಾಜಿನ ಲೋಟ. ಅದನ್ನು ಒಳಗೆ ಹೊರಗೆ ಚೆನ್ನಾಗಿ ತೊಳೆದು ಬೋರಲು ಹಾಕಿದಳು. ಕೋಣೆಗೆ ಹೋಗಿ ಫೋನು ತೆಗೆದು ಹನ್ನೊಂದು ಮೂವತ್ತಾರರ ಸಂದೇಶದ ಮೇಲೆ ಬೆರಳಿಟ್ಟಳು. ಅಳಿಸಲೇ ಎಂದು ಫೋನು ಕೇಳಿತು. ಬೇಡ ಎಂದು ಒತ್ತಿದಳು. ಅದು ಅಲ್ಲೇ ಇರಲಿ. ಇದನ್ನು ಅಕ್ಕನಿಗೂ ಹೇಳುವುದಿಲ್ಲ, ಮೇಡಂಗೂ ಇಲ್ಲ, ಯಾರಿಗೂ ಇಲ್ಲ ಎಂದು ನಿರ್ಧರಿಸಿ, ದೀಪ ಆರಿಸದೆ, ಗೋಡೆಗೆ ಬೆನ್ನು ಮಾಡಿ ಮಲಗಿದಳು.